ಮೊದಲ ಕುದುರೆಯ ಲೆಕ್ಕ

“ಕುದುರೆ ಕಂಡರೆ ಕಾಲುನೋವು” ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಅಷ್ಟು ದೂರ ಸುಮ್ಮನೆ ನಡೆದು ಬಂದವನಿಗೆ ಕುದುರೆಯೊಂದು ಕಣ್ಣಿಗೆ ಬಿದ್ದ ಕೂಡಲೇ ಇಲ್ಲದ ಕಾಲುನೋವು ಕಾಣಿಸಿಕೊಳ್ಳುತ್ತದೆ! ತಾರುಣ್ಯದಲ್ಲಿ ಕುದುರೆಯನ್ನು ಕಂಡು ಮರುಳಾಗದವರು ಯಾರು? ನೀಳವಾದ ಕತ್ತು, ಹೊಳೆಯುವ ಮೈ, ಗಾಳಿಗೆ ಹಾರುವ ಕೇಸರ, ನೆಲವನ್ನು ತಟ್ಟುವ ಗೊರಸಿನ ಸದ್ದು—ಇವುಗಳ ಮುಂದೆ ಮೋಟಾರು ಬೈಸಿಕಲ್ಲಿನ ಸೊಗಸೂ ಮಂಕಾಗುತ್ತದೆ. “ನಾನೂ ಒಂದು ಕುದುರೆಯನ್ನು ಕೊಂಡರೆ ಹೇಗೆ?” ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಕೇಳಿದವರೆಲ್ಲರೂ ಮೊದಲು ತಿಳಿಯಬಯಸುವುದು ಅದರ ಬೆಲೆಯನ್ನು.

ಆದರೆ ಆ ಪ್ರಶ್ನೆಯನ್ನು ಕೇಳಿದಾಗಲೆಲ್ಲ ನಮಗೆ ಬೇರೊಂದು ಕುದುರೆಯ ನೆನಪಾಗುತ್ತದೆ. ಪಟ್ಟಣವೊಂದರ ಹೊರವಲಯದಲ್ಲಿ, ಕಸದ ರಾಶಿಯ ಪಕ್ಕದಲ್ಲಿ ಅದನ್ನು ನಾವು ಕಂಡೆವು. ಅದಕ್ಕೆ ಒಡೆಯನಿರಲಿಲ್ಲ. ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಾಗಿತ್ತು. ಕತ್ತರಿಸುವವರಿಲ್ಲದೆ ಬೆಳೆದ ಗೊರಸುಗಳು ಮುಂದಕ್ಕೆ ಚಾಚಿ, ತುದಿಯಲ್ಲಿ ಮೇಲಕ್ಕೆ ಬಾಗಿದ್ದುವು. ಪ್ರತಿಯೊಂದು ಹೆಜ್ಜೆಯನ್ನೂ ಅದು ಯೋಚಿಸಿ ಇಡುತ್ತಿತ್ತು. ಅದನ್ನು ಯಾರೂ ಹೊಡೆದಿರಲಿಲ್ಲ. ಗಾಯದ ಗುರುತೊಂದೂ ಇರಲಿಲ್ಲ. ಅದರ ಮೇಲೆ ನಡೆದಿದ್ದ ಕ್ರೌರ್ಯವೆಂದರೆ ಇಷ್ಟೆ: ಮಾಡಬೇಕಾದುದನ್ನು ಯಾರೂ ಮಾಡಿರಲಿಲ್ಲ.

ಮಾಡಬೇಕಾದುದು ಯಾವುದು, ಎಷ್ಟು? ಇದನ್ನು ನಿರ್ಧರಿಸುವುದು ಸಂತೆಯ ವ್ಯಾಪಾರಿಯಲ್ಲ, ಕುದುರೆಯ ದೇಹ. ಹುಲ್ಲುಗಾವಲಿನಲ್ಲಿ ಹಗಲಿರುಳೂ ಮೆಲ್ಲಮೆಲ್ಲನೆ ಮೇಯುತ್ತ, ಹಿಂಡಿನೊಡನೆ ಹರದಾರಿಗಟ್ಟಲೆ ಅಲೆಯುತ್ತ ಬಾಳುವುದಕ್ಕಾಗಿ ರೂಪುಗೊಂಡ ಪ್ರಾಣಿ ಅದು. ಅದನ್ನು ಲಾಯದಲ್ಲಿ ಕಟ್ಟಿದೆವೆಂದರೆ, ಹುಲ್ಲುಗಾವಲು ಅದಕ್ಕೆ ಪುಕ್ಕಟೆಯಾಗಿ ಕೊಡುತ್ತಿದ್ದ ಪ್ರತಿಯೊಂದನ್ನೂ ನಾವು ನಮ್ಮ ಹಣದಿಂದ, ಅದಕ್ಕಿಂತ ಹೆಚ್ಚಾಗಿ ನಮ್ಮ ದುಡಿಮೆಯಿಂದ ಒದಗಿಸಬೇಕಾಗುತ್ತದೆ. ದರಗಳು ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ; ದೇಹದ ಬೇಡಿಕೆ ಬದಲಾಗುವುದಿಲ್ಲ. ಆದ್ದರಿಂದ ನಾವು ಇಲ್ಲಿ ಲೆಕ್ಕವನ್ನು ರೂಪಾಯಿಗಳಲ್ಲಿ ಹಾಕದೆ ಕಿಲೋಗ್ರಾಂ, ಲೀಟರು, ದಿನಗಳಲ್ಲಿ ಹಾಕೋಣ. ವಾಚಕರು ತಮ್ಮ ಊರಿನ ದರದಿಂದ ಗುಣಿಸಿಕೊಳ್ಳಲಿ.

ಹೊಟ್ಟೆಯ ಲೆಕ್ಕ

ನಮ್ಮ ದೇಶದ ಮಧ್ಯಮ ಗಾತ್ರದ ಕುದುರೆಯೊಂದು 350 ಕಿಲೋಗ್ರಾಂ ತೂಗುತ್ತದೆಯೆಂದು ಇಟ್ಟುಕೊಳ್ಳೋಣ. ನೀರಿನ ಅಂಶವನ್ನು ಕಳೆದರೆ, ಅದು ತನ್ನ ತೂಕದ ಸುಮಾರು ನೂರಕ್ಕೆ 2ರಷ್ಟು, ಎಂದರೆ 7 ಕಿಲೋಗ್ರಾಂ ಆಹಾರವನ್ನು ದಿನವೂ ತಿನ್ನಬೇಕು. ಒಣಹುಲ್ಲಿನ ರೂಪದಲ್ಲಿ ಇದು ಸುಮಾರು 8 ಕಿಲೋಗ್ರಾಂ; ಐದರಲ್ಲಿ ನಾಲ್ಕು ಪಾಲು ನೀರೇ ಇರುವ ಹಸಿಹುಲ್ಲಾದರೆ ಸುಮಾರು 35 ಕಿಲೋಗ್ರಾಂ. ವರ್ಷಕ್ಕೆ ಒಣಹುಲ್ಲೊಂದೇ ಹತ್ತಿರ ಹತ್ತಿರ 3 ಟನ್ನು. ಕುಡಿಯುವುದಕ್ಕೆ ದಿನಕ್ಕೆ 20ರಿಂದ 35 ಲೀಟರು ನೀರು ಬೇಕು. ಬೇಸಗೆಯಲ್ಲಿ, ಬೆವರು ಸುರಿಸಿ ದುಡಿದ ದಿನಗಳಲ್ಲಿ, ಇನ್ನೂ ಹೆಚ್ಚು. ಜೊತೆಗೆ ಉಪ್ಪು ಬೇಕು. ದುಡಿಯುವ ಕುದುರೆಗೆ ಕಾಳೂ ಬೇಕು. ನಮ್ಮ ಹುರುಳಿಗೆ ಇಂಗ್ಲಿಷಿನಲ್ಲಿ ‘ಕುದುರೆಯ ಕಾಳು’ ಎಂಬ ಅರ್ಥದ ಹೆಸರು ಬಂದಿರುವುದು ಈ ಕಾರಣದಿಂದಲೇ.

ತಂದು ಸುರಿದರೆ ಮುಗಿಯಿತೆ? ಇಲ್ಲ. ಹಸುವನ್ನು ಸಾಕಿ ಬಲ್ಲವರೂ ಕುದುರೆಯ ವಿಷಯದಲ್ಲಿ ಎಡವುವುದು ಇಲ್ಲಿಯೇ. ಹಸು ಸಿಕ್ಕಿದ್ದನ್ನು ಬೇಗ ಬೇಗ ನುಂಗಿ, ವಿಶಾಲವಾದ ಹೊಟ್ಟೆಯಲ್ಲಿ ತುಂಬಿಟ್ಟುಕೊಂಡು, ಆಮೇಲೆ ನೆಮ್ಮದಿಯಾಗಿ ಮೆಲುಕು ಹಾಕುತ್ತದೆ. ಕುದುರೆಗೆ ಮೆಲುಕಿನ ಸೌಕರ್ಯವಿಲ್ಲ. ಅದರ ಜಠರ ದೇಹದ ಗಾತ್ರಕ್ಕೆ ಹೋಲಿಸಿದರೆ ಬಲು ಚಿಕ್ಕದು. ಹತ್ತು ಹದಿನೈದು ಲೀಟರಿಗಿಂತ ಹೆಚ್ಚು ಅದರಲ್ಲಿ ಹಿಡಿಯದು. ನಾರನ್ನು ಕೊಳೆಯಿಸಿ ಜೀರ್ಣಿಸುವ ಸೂಕ್ಷ್ಮಜೀವಿಗಳು ಇರುವುದು ಜೀರ್ಣನಾಳದ ಕೊನೆಯ ಭಾಗದಲ್ಲಿ—ಕುರುಡುಗರುಳು ಮತ್ತು ದೊಡ್ಡ ಕರುಳುಗಳಲ್ಲಿ. ಅಷ್ಟೇ ಅಲ್ಲ, ಹೊಟ್ಟೆಯಲ್ಲಿ ಆಹಾರವಿರಲಿ ಇಲ್ಲದಿರಲಿ, ಜಠರವು ಆಮ್ಲವನ್ನು ಎಡೆಬಿಡದೆ ಸ್ರವಿಸುತ್ತಲೇ ಇರುತ್ತದೆ. ಆ ಆಮ್ಲವನ್ನು ಶಮನಗೊಳಿಸುವ ಜೊಲ್ಲು ಊರುವುದಾದರೋ ಅಗಿಯುವಾಗ ಮಾತ್ರ! ಬಯಲಿನಲ್ಲಿ ದಿನಕ್ಕೆ 16 ಗಂಟೆಗಳಷ್ಟು ಕಾಲ ಮೇಯುವ ಪ್ರಾಣಿಗೆ ಇದರಿಂದ ತೊಂದರೆಯಿಲ್ಲ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹೊಟ್ಟೆ ತುಂಬಿಸಿ ನಡುವೆ ಬರಿದೇ ನಿಲ್ಲಿಸಿದ ಕುದುರೆಯ ಜಠರದಲ್ಲಿ ಮಾತ್ರ ಹುಣ್ಣುಗಳು ಏಳುತ್ತವೆ. ಆದ್ದರಿಂದ ಹುಲ್ಲನ್ನು ದಿನವಿಡೀ, ಸ್ವಲ್ಪ ಸ್ವಲ್ಪವಾಗಿ, ಒದಗಿಸುತ್ತಿರಬೇಕು.

ಇನ್ನೊಂದು ಅಪಾಯ ಪ್ರೀತಿಯಿಂದ ಬರುತ್ತದೆ. ಮೆಚ್ಚಿನ ಕುದುರೆಗೆ ಒಮ್ಮೆಗೇ ಬುಟ್ಟಿ ತುಂಬ ಕಾಳು ಹಾಕಿದರೆ, ಜೀರ್ಣವಾಗದ ಪಿಷ್ಟವು ದೊಡ್ಡ ಕರುಳನ್ನು ಸೇರಿ, ಅಲ್ಲಿಯ ಸೂಕ್ಷ್ಮಜೀವಿಗಳ ಸಮತೋಲವನ್ನು ಕೆಡಿಸುತ್ತದೆ. ಕರುಳು ಹುಳಿಯಾಗುತ್ತದೆ, ಉದರಶೂಲೆ ತಲೆದೋರುತ್ತದೆ, ಕೆಲವೊಮ್ಮೆ ಅದರ ವಿಷ ಗೊರಸಿನೊಳಗಿನ ಮೃದು ಪದರಗಳವರೆಗೂ ಹಬ್ಬಿ ಕುದುರೆಯನ್ನು ಶಾಶ್ವತವಾಗಿ ಕುಂಟಾಗಿಸುತ್ತದೆ. ಕುದುರೆ ವಾಂತಿ ಮಾಡಲಾರದು. ಒಳಗೆ ಹೋದುದು ಬಂದ ದಾರಿಯಲ್ಲಿ ಹಿಂದಿರುಗುವಂತಿಲ್ಲ. ತುಂಬಿ ಉಬ್ಬಿದ ಜಠರ ಒಡೆಯುವುದೂ ಉಂಟು. ದನಕರುಗಳ, ಕೋಳಿಗಳ ಕೆಲವು ಸಿದ್ಧ ಆಹಾರಗಳಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧವು ಅವಕ್ಕೆ ಹಿತವಾದರೂ ಕುದುರೆಗೆ ಮಾರಕ ವಿಷ. ಕೊಟ್ಟಿಗೆಯಲ್ಲಿ ಉಳಿದ ಹಿಂಡಿಯನ್ನು ಕುದುರೆಗೆ ಹಾಕುವ ಮುನ್ನ ಇದನ್ನು ನೆನೆಯಬೇಕು.

ಒಳಗೆ ಹೋದುದಕ್ಕೆ ತಕ್ಕಷ್ಟು ಹೊರಗೂ ಬರಬೇಕಷ್ಟೆ. ಲದ್ದಿ ಮತ್ತು ಮೂತ್ರ ಸೇರಿ ದಿನಕ್ಕೆ ಸುಮಾರು 17 ಕಿಲೋಗ್ರಾಂ. ವರ್ಷಕ್ಕೆ 6 ಟನ್ನಿಗೂ ಮೇಲೆ. ಹೊಲವಿದ್ದವನಿಗೆ ಇದು ಗೊಬ್ಬರ. ಪಟ್ಟಣದ ಇಕ್ಕಟ್ಟಿನ ಮನೆಯವನಿಗೆ ನೆರೆಹೊರೆಯವರೊಡನೆ ನಿತ್ಯ ಜಗಳ.

ಗೊರಸು, ಹಲ್ಲು

ಕುದುರೆಯು ನಿಂತಿರುವುದು ಪ್ರತಿಯೊಂದು ಕಾಲಿನ ಒಂದೇ ಒಂದು ಬೆರಳಿನ ತುದಿಯ ಮೇಲೆ. ಗೊರಸೆಂದರೆ ಆ ಬೆರಳಿನ ಉಗುರು. ನಮ್ಮ ಉಗುರಿನಂತೆಯೇ ಅದೂ ಬೆಳೆಯುತ್ತದೆ—ತಿಂಗಳಿಗೆ 6ರಿಂದ 10 ಮಿಲಿಮೀಟರು. ಕಲ್ಲುನೆಲದ ಮೇಲೆ ಅಲೆಯುವ ಕುದುರೆಗೆ ಬೆಳೆದಷ್ಟೂ ಸವೆಯುತ್ತದೆ. ಲಾಯದಲ್ಲಿ ನಿಂತದ್ದಕ್ಕೆ ಸವೆಯುವುದಿಲ್ಲ; ಡಾಂಬರು ರಸ್ತೆಯಲ್ಲಿ ದುಡಿಯುವುದಕ್ಕೆ ಬೆಳವಣಿಗೆಗಿಂತ ಸವೆತವೇ ಹೆಚ್ಚು. ಮೊದಲನೆಯದಕ್ಕೆ ಕತ್ತರಿಸಬೇಕು, ಎರಡನೆಯದಕ್ಕೆ ಲಾಳ ಕಟ್ಟಬೇಕು. ಎರಡನ್ನೂ ಆರರಿಂದ ಎಂಟು ವಾರಗಳಿಗೊಮ್ಮೆ, ಎಂದರೆ ವರ್ಷಕ್ಕೆ ಏಳೆಂಟು ಸಲ, ಬಲ್ಲವರಿಂದ ಮಾಡಿಸಬೇಕು. ಮೊಳೆ ಒಂದಿಷ್ಟು ಒಳಗೆ ಸರಿದರೂ ಜೀವಂತ ಮಾಂಸಕ್ಕೆ ತಾಗುತ್ತದೆ. ಲಾಳ ಕಟ್ಟುವವರು ಪರವಾನಗಿ ಪಡೆದಿರಬೇಕೆಂದು ನಮ್ಮ ದೇಶದಲ್ಲಿ 1965ರಲ್ಲಿಯೇ ನಿಯಮಗಳು ಬಂದುದು ಸುಮ್ಮನೆ ಅಲ್ಲ. ಇದಲ್ಲದೆ ಗೊರಸಿನ ಅಡಿಯಲ್ಲಿ ಸಿಕ್ಕಿದ ಕಲ್ಲು, ಕೆಸರು, ಲದ್ದಿಗಳನ್ನು ಒಡೆಯನು ದಿನವೂ ಕೆರೆದು ತೆಗೆಯಬೇಕು. ಮೇಲೆ ಹೇಳಿದ ಆ ಬಡ ಕುದುರೆಗೆ ತಪ್ಪಿದ್ದುದು ಇದೇ ಸೇವೆ.

ಹಲ್ಲಿನ ಕಥೆಯೂ ಹೀಗೆಯೇ. ಒರಟು ಹುಲ್ಲನ್ನು ಅರೆದು ಅರೆದು ಸವೆಯುವ ದವಡೆ ಹಲ್ಲುಗಳು ವರ್ಷಕ್ಕೆ 2–3 ಮಿಲಿಮೀಟರಿನಂತೆ ಹೊರಕ್ಕೆ ಬರುತ್ತಲೇ ಇರುತ್ತವೆ. ಆದರೆ ಮೇಲಿನ ದವಡೆ ಕೆಳಗಿನದಕ್ಕಿಂತ ಅಗಲ. ಆದ್ದರಿಂದ ಸವೆತ ಸಮನಾಗದೆ, ಮೇಲಿನ ಹಲ್ಲುಗಳ ಹೊರ ಅಂಚೂ ಕೆಳಗಿನವುಗಳ ಒಳ ಅಂಚೂ ಚೂಪಾಗಿ, ಕೆನ್ನೆಯನ್ನೂ ನಾಲಗೆಯನ್ನೂ ಕೊಯ್ಯುತ್ತವೆ. ಮುಂದಿಟ್ಟ ಹುಲ್ಲನ್ನು ಕುದುರೆ ಅಗಿದು ಉಗುಳುತ್ತಿದ್ದರೆ ಅದು ಮೊಂಡುತನವಲ್ಲ, ನೋವು. ವರ್ಷಕ್ಕೊಮ್ಮೆಯಾದರೂ ಪಶುವೈದ್ಯರು ಬಾಯಿಯನ್ನು ಪರೀಕ್ಷಿಸಿ, ಅಂಚುಗಳನ್ನು ಅರದಿಂದ ಉಜ್ಜಿ ಸಮಮಾಡಬೇಕು.

ರೋಗಗಳ ಎಚ್ಚರ

ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಸಾಕುಪ್ರಾಣಿ ಮತ್ತೊಂದಿಲ್ಲ. ಆ ರೋಗಾಣುವೋ ಲಾಯದ ಮಣ್ಣಿನಲ್ಲಿಯೇ ವಾಸಿಸುತ್ತದೆ. ಇದಕ್ಕೂ ಹುಚ್ಚುನಾಯಿ ರೋಗಕ್ಕೂ ಲಸಿಕೆ ಹಾಕಿಸುವುದು ಅವಶ್ಯ. ರಕ್ತ ಹೀರುವ ದೊಡ್ಡ ನೊಣಗಳಿಂದ ಹರಡುವ ‘ಸರ್ರಾ’ ರೋಗದ ಕಾರಣವಾದ ಸೂಕ್ಷ್ಮಜೀವಿಯನ್ನು 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಸೈನ್ಯದ ಪಶುವೈದ್ಯರು ಕಂಡುಹಿಡಿದುದು, ಇಂದು ಪಾಕಿಸ್ತಾನದಲ್ಲಿರುವ ಡೇರಾ ಇಸ್ಮಾಯಿಲ್ ಖಾನ್ ಪ್ರದೇಶದಲ್ಲಿ. ಈ ರೋಗಕ್ಕೆ ಲಸಿಕೆಯಿಲ್ಲ, ಔಷಧವುಂಟು. ಎಲ್ಲಕ್ಕಿಂತ ಭಯಂಕರವಾದುದು ಗ್ಲಾಂಡರ್ಸ್. ಇದಕ್ಕೆ ಲಸಿಕೆಯಿಲ್ಲ, ಮನುಷ್ಯರಿಗೂ ಇದು ತಗಲಬಲ್ಲದು. ರೋಗ ದೃಢಪಟ್ಟ ಕುದುರೆಯನ್ನು ನೋವಿಲ್ಲದಂತೆ ಕೊಲ್ಲಿಸುವುದು ಅನಿವಾರ್ಯ. ಹಿಸಾರಿನ ರಾಷ್ಟ್ರೀಯ ಅಶ್ವ ಸಂಶೋಧನ ಕೇಂದ್ರವು ಇಂಥ ರೋಗಗಳ ಪರೀಕ್ಷೆಯಲ್ಲಿ ಹೆಸರಾದ ಸಂಸ್ಥೆ. ಕುದುರೆಯನ್ನು ಕೊಳ್ಳುವ ಮುನ್ನ ಪಶುವೈದ್ಯರಿಂದ ರಕ್ತಪರೀಕ್ಷೆ ಮಾಡಿಸುವುದಕ್ಕೆ ತಗಲುವ ವೆಚ್ಚ ಎಂದಿಗೂ ದಂಡವಲ್ಲ.

ಒಡೆಯನು ತನ್ನ ಕುದುರೆಯ ಆರೋಗ್ಯದ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡಿರಬೇಕು. ಸುಮ್ಮನೆ ನಿಂತ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44 ಸಲ ಮಿಡಿಯುತ್ತದೆ; ಕೆಳದವಡೆಯ ಒಳ ಅಂಚಿನಲ್ಲಿ ಬೆರಳಿಟ್ಟು ಇದನ್ನು ಯಾರಾದರೂ ಎಣಿಸಬಹುದು. ದೇಹದ ಉಷ್ಣತೆ ಸುಮಾರು 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಕುದುರೆ ಮೇವು ಬಿಟ್ಟು, ಪಕ್ಕೆಯ ಕಡೆಗೆ ತಿರುತಿರುಗಿ ನೋಡುತ್ತ, ಮುಂಗಾಲಿನಿಂದ ನೆಲ ಕೆರೆಯುತ್ತ, ಹೊರಳಾಡತೊಡಗಿ, ನಾಡಿ 60ನ್ನು ಮೀರಿತೆಂದರೆ ಅದು ಉದರಶೂಲೆ. ಆಗ ಕಳೆಯುವ ಪ್ರತಿಯೊಂದು ಗಂಟೆಯೂ ಪ್ರಾಣದ ಬೆಲೆಯದು. ನಡುರಾತ್ರಿಯಲ್ಲಿ ಕರೆದರೆ ಬರುವ ಪಶುವೈದ್ಯರು ಎಷ್ಟು ದೂರದಲ್ಲಿದ್ದಾರೆ ಎಂಬುದನ್ನು ಕುದುರೆ ಬರುವ ಮೊದಲೇ ತಿಳಿದಿರಬೇಕು.

ನಿದ್ರೆ, ಸಂಗ, ಹೊರೆ

ಕುದುರೆ ನಿಂತೇ ನಿದ್ರಿಸುತ್ತದೆ ಎಂಬುದು ಅರ್ಧ ಸತ್ಯ. ಕೀಲುಗಳನ್ನು ಸ್ನಾಯುರಜ್ಜುಗಳಿಂದ ಬಿಗಿದು ನಿಲ್ಲಿಸುವ ಸೋಜಿಗದ ಏರ್ಪಾಡು ಅದರ ಕಾಲುಗಳಲ್ಲಿದೆ. ಅದರ ನೆರವಿನಿಂದ ಅದು ನಿಂತೇ ತೂಕಡಿಸಬಲ್ಲದು. ಆದರೆ ಗಾಢವಾದ ಕನಸಿನ ನಿದ್ರೆಗೆ ಅದು ಮಲಗಲೇಬೇಕು—ದಿನಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ ಅಷ್ಟೆ. ಇಕ್ಕಟ್ಟಿನಲ್ಲಿ, ಒದ್ದೆ ನೆಲದಲ್ಲಿ, ಭಯದಲ್ಲಿ ಕುದುರೆ ಮಲಗುವುದಿಲ್ಲ. ಸುಮಾರು 12 ಅಡಿ ಉದ್ದ, 12 ಅಡಿ ಅಗಲದ, ಒಣಗಿದ ಹಾಸಿನ ಲಾಯ ಅದಕ್ಕೆ ಬೇಕು. ದಿನವೂ ಬಿಡುಬೀಸಾಗಿ ಓಡಾಡಲು ಬಯಲು ಬೇಕು. ಸಂಗಾತಿಯೂ ಬೇಕು. ಹಿಂಡಿನ ಪ್ರಾಣಿಯಾದ ಕುದುರೆಗೆ ಒಂಟಿತನವೇ ಒಂದು ರೋಗ. ಒಂಟಿಯಾಗಿ ಕಟ್ಟಿದ ಕುದುರೆಗಳು ಮರವನ್ನು ಕಚ್ಚುತ್ತ, ನಿಂತಲ್ಲೇ ಎಡಬಲಕ್ಕೆ ತೂಗಾಡುತ್ತ ಹೊತ್ತು ಕಳೆಯುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸವಾರಿಗೂ ಲೆಕ್ಕವುಂಟು. ಸವಾರ, ಜೀನು ಎಲ್ಲ ಸೇರಿ ಹೊರೆಯು ಕುದುರೆಯ ತೂಕದ ಐದರಲ್ಲಿ ಒಂದು ಪಾಲನ್ನು ಮೀರದಿರುವುದು ಒಳಿತು. ನಮ್ಮ 350 ಕಿಲೋಗ್ರಾಮಿನ ಕುದುರೆಗೆ ಇದು 70 ಕಿಲೋಗ್ರಾಂ. ಎಳೆಯ ಕುದುರೆಯ ಎಲುಬುಗಳು ಪೂರ್ತಿ ಬಲಿಯಲು ಐದಾರು ವರ್ಷಗಳೇ ಬೇಕು. “ಮರಿಯೂ ನಾನೂ ಒಟ್ಟಿಗೆ ಕಲಿಯುತ್ತೇವೆ” ಎಂದು ಎಳೆಯ ಕುದುರೆಯನ್ನು ಕೊಳ್ಳುವುದು ಕಲಿಯುವವನಿಗೂ ಕುದುರೆಗೂ ಅಪಾಯ. ಮೊದಲ ಕುದುರೆ ವಯಸ್ಸಿನಲ್ಲಿ ಬಲಿತದ್ದಾಗಿರಲಿ, ಶಾಂತ ಸ್ವಭಾವದ್ದಾಗಿರಲಿ, ಪಳಗಿದುದಾಗಿರಲಿ.

ಕೊನೆಯ ಲೆಕ್ಕ

ಈಗ ಎಲ್ಲಕ್ಕಿಂತ ದೊಡ್ಡ ಅಂಕಿಗೆ ಬರೋಣ. ಚೆನ್ನಾಗಿ ನೋಡಿಕೊಂಡ ಕುದುರೆ 25ರಿಂದ 30 ವರ್ಷ ಬದುಕುತ್ತದೆ. ಹದಿನೇಳು ವರ್ಷದ ವಿದ್ಯಾರ್ಥಿಯೊಬ್ಬನು ಏಳು ವರ್ಷದ ಕುದುರೆಯನ್ನು ಕೊಂಡರೆ, ಅದು 27ನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚುವಾಗ ಅವನಿಗೆ 37 ವರ್ಷ. ನಡುವೆ ಅವನ ಕಾಲೇಜು, ಪರೀಕ್ಷೆ, ನೌಕರಿ, ವರ್ಗಾವಣೆ, ಮದುವೆ ಎಲ್ಲವೂ ಬಂದು ಹೋಗಿರುತ್ತವೆ. ಇಪ್ಪತ್ತು ವರ್ಷಗಳೆಂದರೆ 7,300 ದಿನಗಳು. ಅವುಗಳಲ್ಲಿ ಹಬ್ಬದ ರಜೆಯಿಲ್ಲ, ಜ್ವರದ ರಜೆಯಿಲ್ಲ. ಕೊನೆಯ ಹಲವು ವರ್ಷಗಳಲ್ಲಿ ಅದು ಸವಾರಿಗೆ ಒದಗದು. ಹೊಟ್ಟೆ ಮಾತ್ರ ಮೊದಲಿನಷ್ಟೇ ಕೇಳುತ್ತದೆ. ಕಸದ ರಾಶಿಯ ಪಕ್ಕದ ಕುದುರೆಯ ಒಡೆಯನು ಲೆಕ್ಕ ತಪ್ಪಿದ್ದುದು ಪ್ರಾಯಶಃ ಈ ಪುಟದಲ್ಲಿಯೇ.

ಪ್ರಾಣಿಯು ಯಾರ ವಶದಲ್ಲಿದೆಯೋ ಅವರು ಅದರ ಕ್ಷೇಮಕ್ಕೆ ತಕ್ಕ ಎಲ್ಲ ಕ್ರಮಗಳನ್ನೂ ಕೈಗೊಳ್ಳಬೇಕೆಂದು 1960ರ ಪ್ರಾಣಿಹಿಂಸಾ ತಡೆ ಕಾಯ್ದೆಯ ಮೂರನೆಯ ವಿಧಿ ಹೇಳುತ್ತದೆ. ಹೊಡೆಯದಿದ್ದರೆ ಸಾಲದು, ನೋಡಿಕೊಳ್ಳಬೇಕು. ದೇಹಶಾಸ್ತ್ರ ಹೇಳುವುದನ್ನೇ ಕಾನೂನೂ ಹೇಳುತ್ತದೆ.

ಹಾಗಾದರೆ ಕುದುರೆಯ ಆಸೆಯನ್ನು ಬಿಟ್ಟುಬಿಡಬೇಕೆ? ನಾವು ಹಾಗೆ ಹೇಳುವವರಲ್ಲ. 2012ರಲ್ಲಿ ಆರು ಲಕ್ಷಕ್ಕೂ ಮೇಲಿದ್ದ ಭಾರತದ ಕುದುರೆಗಳು 2019ರ ಜಾನುವಾರು ಗಣತಿಯ ವೇಳೆಗೆ ಸುಮಾರು 3.4 ಲಕ್ಷಕ್ಕೆ ಇಳಿದುವು. ಕಿವಿಯ ತುದಿಗಳು ಒಂದನ್ನೊಂದು ಮುಟ್ಟುವ ಮಾರವಾಡಿ, ಭೀಮಾ ನದಿಯ ಸೀಮೆಯ ಭೀಮಥಡಿ ಮೊದಲಾದ ತಳಿಗಳು ಉಳಿಯಬೇಕಾದರೆ ಅವುಗಳನ್ನು ಅರಿತು ಪ್ರೀತಿಸುವ ತರುಣರು ಬೇಕು. ಆದರೆ ಅರಿವು ಮೊದಲು, ಒಡೆತನ ಆಮೇಲೆ. ಎನ್.ಸಿ.ಸಿ.ಯಲ್ಲಿ ರಿಮೌಂಟ್ ಮತ್ತು ವೆಟರಿನರಿ ಎಂಬ ಶಾಖೆಯೊಂದುಂಟು. ಅದಿರುವ ಊರುಗಳಲ್ಲಿ ವಿದ್ಯಾರ್ಥಿಗಳು ಸವಾರಿಯನ್ನೂ ಕುದುರೆಯ ಆರೈಕೆಯನ್ನೂ ಕಲಿಯಬಹುದು. ಅದಿಲ್ಲದ ಕಡೆ ಸವಾರಿ ಶಾಲೆಗೋ, ಟಾಂಗಾ ಓಡಿಸುವ ಹಿರಿಯರೊಬ್ಬರ ಲಾಯಕ್ಕೋ ಹೋಗಿ, ಒಂದು ವರ್ಷ ಬೆಳಗಿನ ಜಾವದಲ್ಲಿ ಲದ್ದಿ ಬಾಚಿ, ನೀರು ಹೊತ್ತು, ಮೈ ಉಜ್ಜಿ, ಗೊರಸು ಕೆರೆದು ನೋಡಲಿ. ಮಳೆ ಸುರಿಯುವ ಆಷಾಢದ ಮುಂಜಾವಿನಲ್ಲಿಯೂ ಎದ್ದು ಹೋಗುವ ಮನಸ್ಸಾದರೆ, ಅಂಥವರು ಕುದುರೆಯ ಬೆಲೆಯನ್ನು ಧಾರಾಳವಾಗಿ ವಿಚಾರಿಸಬಹುದು.