ಕುಣಿಗಲ್ ಕುದುರೆಯೂ ಹಿಸ್ಸಾರಿನ ಲ್ಯಾಬೂ

ಬೆಂಗಳೂರಿನಿಂದ ಹಾಸನದ ಹಾದಿ ಹಿಡಿದವರಿಗೆ ಕುಣಿಗಲ್‌ನಲ್ಲಿ ಟಿಪ್ಪು ಸುಲ್ತಾನನ ಕಾಲದ ಕುದುರೆ ಫಾರಂ ಸಿಗುತ್ತದೆ. ಹಿಂದೆ ದಂಡಿಗೆ ಕುದುರೆ ಕೊಟ್ಟ ನೆಲ ಇದು. ಆಮೇಲೆ ಇಲ್ಲಿ ರೇಸಿನ ಕುದುರೆಗಳು ಬೆಳೆದವು.

ದಂಡಿನ ಕುದುರೆಯನ್ನು ಕೆಡವಲು ಕತ್ತಿಯೇ ಬೇಕಿಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಗೂಢಚಾರರು ಎದುರಾಳಿಗಳ ಕುದುರೆ, ಹೇಸರಗತ್ತೆಗಳಿಗೆ ಗ್ಲಾಂಡರ್ಸ್ ರೋಗವನ್ನು ಬೇಕೆಂದೇ ಅಂಟಿಸಲು ನೋಡಿದರು. ಅದರ ಬ್ಯಾಕ್ಟೀರಿಯಾವನ್ನು 1882ರಲ್ಲೇ ಗುರುತಿಸಲಾಗಿತ್ತು. ಇವತ್ತಿಗೂ ಅದಕ್ಕೆ ಲಸಿಕೆಯಿಲ್ಲ. ಮೂಗು ಸೋರುತ್ತದೆ, ಒಳಗೆ ಹುಣ್ಣಾಗುತ್ತದೆ, ಚರ್ಮದ ಮೇಲೆ ಗಂಟುಗಳೇಳುತ್ತವೆ. ಒಂದೇ ತೊಟ್ಟಿಯಲ್ಲಿ ನೀರು ಕುಡಿದ ಕುದುರೆಗಳಿಗೆ ಹರಡುತ್ತದೆ, ಮೈ ತೊಳೆಯುವ ಮನುಷ್ಯನಿಗೂ ತಗಲಬಹುದು.

ಹಾಗಾಗಿ ಜೈವಿಕ ದಾಳಿಯ ವಿರುದ್ಧದ ಕಾವಲು ಶುರುವಾಗುವುದು ಪಶುವೈದ್ಯರು ತೆಗೆದ ರಕ್ತದಿಂದಲೇ. ರೋಗವನ್ನು ಯಾರೋ ತಂದಿಟ್ಟಿರಲಿ, ತಾನಾಗಿಯೇ ಬಂದಿರಲಿ, ಲ್ಯಾಬಿನಲ್ಲಿ ಮಾಡುವ ಪರೀಕ್ಷೆ ಒಂದೇ.

ಹಳೆಯ ವಿಧಾನದಲ್ಲಿ ಕುದುರೆಯ ಕೆಳರೆಪ್ಪೆಗೆ ಮ್ಯಾಲೀನ್ ಎಂಬ, ಅದೇ ಬ್ಯಾಕ್ಟೀರಿಯಾದಿಂದ ತೆಗೆದ ಸಾರವನ್ನು ಚುಚ್ಚಿ ಕಾಯುತ್ತಿದ್ದರು. ಸೋಂಕಿದ್ದರೆ ಒಂದೆರಡು ದಿನದಲ್ಲಿ ಕಣ್ಣು ಊದಿ ಕೀವು ಸುರಿಯುತ್ತಿತ್ತು. ಈಗ ಸೀರಂ ಸಾಕು. ಎಲೈಸಾ ಎಂಬ ಪರೀಕ್ಷೆಯ ತಟ್ಟೆಯ ಗುಳಿಯಲ್ಲಿ ಬ್ಯಾಕ್ಟೀರಿಯಾದ ಪ್ರೋಟೀನು ಅಂಟಿಸಿರುತ್ತಾರೆ. ಸೀರಂನಲ್ಲಿ ಪ್ರತಿಕಾಯಗಳಿದ್ದರೆ ಬಣ್ಣ ಬರುತ್ತದೆ. ಕಾಂಪ್ಲಿಮೆಂಟ್ ಫಿಕ್ಸೇಶನ್ ಪರೀಕ್ಷೆ ಇನ್ನೂ ಸೊಗಸಾದದ್ದು. ಇದಕ್ಕೆ ಕುರಿಯ ಕೆಂಪು ರಕ್ತಕಣ ಬೇಕು. ಪ್ರತಿಕಾಯಗಳು ಕಾಂಪ್ಲಿಮೆಂಟನ್ನು, ಅಂದರೆ ಆ ಕಣಗಳನ್ನು ಒಡೆಯುವ ಪ್ರೋಟೀನುಗಳನ್ನು, ಮೊದಲೇ ಖರ್ಚು ಮಾಡಿದ್ದರೆ ಕಣಗಳು ಒಡೆಯದೆ ತಳದಲ್ಲಿ ಕೂರುತ್ತವೆ. ಕಣಗಳು ಒಡೆದು ನೀರು ಕೆಂಪಾದರೆ ಕುದುರೆ ಪಾರು!

ಅನುಮಾನದ ಮಾದರಿಗಳಿಗೆ ಕೊನೆಯ ಮಾತು ಹರಿಯಾಣದ ಹಿಸ್ಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ್ದು. ಮಹಾರಾಷ್ಟ್ರದಲ್ಲಿ 2006ರಲ್ಲಿ ರೋಗ ಮತ್ತೆ ತಲೆಯೆತ್ತಿತು. 2025ರಲ್ಲಿ ಬೆಂಗಳೂರಿನ ಡಿ.ಜೆ. ಹಳ್ಳಿಯ ಕುದುರೆಯೊಂದರಲ್ಲಿ ಪತ್ತೆಯಾದಾಗ ಸುತ್ತ ಕುದುರೆಗಳ ಓಡಾಟಕ್ಕೆ ಸರ್ಕಾರ ನಿರ್ಬಂಧ ಹಾಕಿತು. ಅಲ್ಲಿಂದ ಕುಣಿಗಲ್ ಎಷ್ಟು ದೂರ? ಲಾರಿಗೆ ಎರಡು ಗಂಟೆಯ ದಾರಿ.

ಫಾರಂ ಕುದುರೆಗಳಿಗೆ ವೈದ್ಯರಿರುತ್ತಾರೆ. ತುಮಕೂರು, ಗುಬ್ಬಿಯ ಮದುವೆ ಮೆರವಣಿಗೆಗೆ ಬಾಡಿಗೆಗೆ ಬರುವ ಕುದುರೆಯನ್ನು, ಭಾರ ಹೊರುವ ಕತ್ತೆಯನ್ನು ಯಾರು ನೋಡುತ್ತಾರೆ? ರೋಗ ಖಚಿತವಾದರೆ ಪ್ರಾಣಿಯನ್ನು ದಯಾಮರಣಕ್ಕೆ ಒಳಪಡಿಸಬೇಕು, ಮಾಲೀಕನಿಗೆ ಸರ್ಕಾರ ಪರಿಹಾರ ಕೊಡಬೇಕು. ಅದು ಕೈಗೆ ಬೇಗ ಬಂದರೆ ಮಾತ್ರ ದುಡಿಯುವ ಪ್ರಾಣಿಯ ಕಾಯಿಲೆಯನ್ನು ಅವನು ಬಾಯಿಬಿಟ್ಟು ಹೇಳಿಯಾನು. ಮೂಗು ಸೋರುವ ಕುದುರೆ ಕಂಡರೆ ಅದರ ಬಕೆಟ್ ಬೇರೆ ಮಾಡಿ, ಬರಿಗೈಯಲ್ಲಿ ಮುಟ್ಟದೆ, ತಾಲ್ಲೂಕು ಪಶು ಆಸ್ಪತ್ರೆಗೆ ಅಂದೇ ತಿಳಿಸಬೇಕು.