ಸಂಖ್ಯೆಯೊಂದು, ಅಲೆ ಇನ್ನೊಂದು
(ಡಿಜಿಟಲ್ ಪರಿವರ್ತನೆಯ ಕಾಲದಲ್ಲಿ ಅಮೆರಿಕದ ಟೆಲಿವಿಷನ್ ಕೇಂದ್ರಗಳು ಪ್ರಸಾರಪಥವನ್ನು ಆಯ್ದುಕೊಂಡ ಬಗೆ)

ಆಕಾಶವು ಎಲ್ಲರ ಸ್ವತ್ತು. ಆದರೆ ಎಲ್ಲರದಾದ ವಸ್ತುವಿಗೆ ಕಟ್ಟಳೆಯಿಲ್ಲದೆ ಹೋದರೆ ಅದು ಯಾರಿಗೂ ದಕ್ಕುವುದಿಲ್ಲ. ಊರ ಕೆರೆಯ ನೀರು ತೂಬಿನಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ ಸರದಿಯಂತೆ ಹರಿದರೆ ಮಾತ್ರ ಬೆಳೆ ಕೈಸೇರುತ್ತದೆ. ರೇಡಿಯೋ ತರಂಗಗಳ ವಿಷಯವೂ ಹೀಗೆಯೇ. ಒಂದೇ ಪ್ರದೇಶದಲ್ಲಿ ಎರಡು ಕೇಂದ್ರಗಳು ಒಂದೇ ತರಂಗಪಟ್ಟಿಯಲ್ಲಿ ಪ್ರಸಾರ ಮಾಡತೊಡಗಿದರೆ ನೋಡುವವನ ಪಾಲಿಗೆ ಎರಡೂ ಇಲ್ಲವಾಗುತ್ತವೆ. ಆದುದರಿಂದಲೇ ಸರ್ಕಾರಗಳು ಆಕಾಶವನ್ನು ಪಟ್ಟಿಪಟ್ಟಿಯಾಗಿ ವಿಂಗಡಿಸಿ, ಒಂದೊಂದಕ್ಕೂ ಸಂಖ್ಯೆಯನ್ನಿತ್ತು, ಕೇಂದ್ರಗಳಿಗೆ ಹಂಚಿಕೊಟ್ಟಿವೆ. ಇಂತಹ ಒಂದು ಪಟ್ಟಿಗೆ ಚಾನೆಲ್ ಎಂದು ಹೆಸರು. ಈ ಲೇಖನದಲ್ಲಿ ಅದನ್ನು ‘ಪಥ’ ಎಂದು ಕರೆಯೋಣ.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಒಂದೊಂದು ಪಥದ ಅಗಲ ೬ ಮೆಗಾಹರ್ಟ್ಸ್. ೨ರಿಂದ ೬ರವರೆಗಿನ ಪಥಗಳು ಕೆಳ ವಿ.ಎಚ್.ಎಫ್. ಎನಿಸಿ ೫೪ರಿಂದ ೮೮ ಮೆಗಾಹರ್ಟ್ಸ್‌ಗಳ ನಡುವೆ ಇವೆ. ೭ರಿಂದ ೧೩ರವರೆಗಿನವು ಮೇಲ್ ವಿ.ಎಚ್.ಎಫ್. ಎನಿಸಿ ೧೭೪ರಿಂದ ೨೧೬ರ ನಡುವೆ ಇವೆ. ೧೪ ಮತ್ತು ಅದಕ್ಕಿಂತ ಮೇಲಿನವು ಯು.ಎಚ್.ಎಫ್. ಎನಿಸಿ ೪೭೦ ಮೆಗಾಹರ್ಟ್ಸ್‌ನಿಂದ ಮೊದಲಾಗುತ್ತವೆ. ಹಳೆಯ ಅನಲಾಗ್ ಪದ್ಧತಿಯಲ್ಲಿ ೨, ೪, ೭ ಮೊದಲಾದ ಸಣ್ಣ ಸಂಖ್ಯೆಯ ಪಥಗಳಿಗೆ ಹೆಚ್ಚಿನ ಬೆಲೆಯಿತ್ತು. ದಶಕಗಳ ಬಳಕೆಯಿಂದ ಆ ಸಂಖ್ಯೆಯೇ ಕೇಂದ್ರದ ಹೆಸರಾಗಿ ಜನರ ನಾಲಗೆಯ ಮೇಲೆ ನಿಂತಿತ್ತು.

೧೯೯೭ರಲ್ಲಿ ಅಲ್ಲಿನ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಎಂಬ ನಿಯಂತ್ರಣ ಮಂಡಲಿಯು ಕೇಂದ್ರಗಳಿಗೆ ಅನಲಾಗ್ ಪಥದ ಜೊತೆಗೆ ಡಿಜಿಟಲ್ ಪ್ರಸಾರಕ್ಕೆಂದು ಎರಡನೆಯ ಪಥವೊಂದನ್ನು ಎರವಲಾಗಿ ಕೊಟ್ಟಿತು. ಜನರು ಹೊಸ ಪದ್ಧತಿಗೆ ಹೊಂದಿಕೊಳ್ಳುವವರೆಗೆ ಎರಡರಲ್ಲಿಯೂ ಪ್ರಸಾರ ನಡೆಯಬೇಕು, ಬಳಿಕ ಒಂದನ್ನು ಹಿಂದಿರುಗಿಸಬೇಕು ಎಂಬುದು ನಿಯಮ. ಡಿಜಿಟಲ್ ಪ್ರಸಾರಕ್ಕೆ ೨ರಿಂದ ೫೧ರವರೆಗಿನ ಪಥಗಳೇ ಸಾಕು. ೫೨ರಿಂದ ೬೯ರವರೆಗಿನವು ತೆರವಾಗಿ ಪೊಲೀಸು, ಅಗ್ನಿಶಾಮಕ ಮುಂತಾದ ರಕ್ಷಣಾಕಾರ್ಯಗಳಿಗೂ ಮೊಬೈಲ್ ದೂರವಾಣಿಗಳಿಗೂ ಸಲ್ಲತಕ್ಕವು ಎಂದು ನಿರ್ಣಯವಾಯಿತು. ೩೭ನೆಯ ಪಥವನ್ನು ಖಗೋಳ ವೀಕ್ಷಣೆಗಾಗಿ ಮೀಸಲಿಟ್ಟು ಮುಟ್ಟಲಿಲ್ಲ.

ಹಾಗಾದರೆ ಯಾವುದನ್ನು ಉಳಿಸಿಕೊಳ್ಳುವುದು, ಯಾವುದನ್ನು ಬಿಡುವುದು? ಇದಕ್ಕಾಗಿ ಮಂಡಲಿಯು ಆಯ್ಕೆಯ ಸುತ್ತುಗಳನ್ನು ಏರ್ಪಡಿಸಿತು. ೨೦೦೫ರ ಫೆಬ್ರವರಿಯಲ್ಲಿ ನಡೆದ ಮೊದಲ ಸುತ್ತಿನಲ್ಲಿ, ೨ರಿಂದ ೫೧ರೊಳಗೆ ಸ್ವಂತ ಪಥವಿದ್ದ ಕೇಂದ್ರಗಳು ತಮ್ಮದರಲ್ಲಿ ಒಂದನ್ನು ಆರಿಸಿಕೊಂಡವು. ಎರಡು ಪಥಗಳೂ ಆ ಎಲ್ಲೆಯೊಳಗಿದ್ದವರಿಗೆ ನಿಜವಾದ ಆಯ್ಕೆಯಿತ್ತು; ಒಂದೇ ಇದ್ದವರಿಗೆ ಅದೇ ಗತಿಯಾಯಿತು; ಎರಡೂ ಹೊರಗಿದ್ದವರು ಅಕ್ಟೋಬರ್ ತಿಂಗಳ ಎರಡನೆಯ ಸುತ್ತಿನವರೆಗೆ ಕಾದು ಉಳಿದವುಗಳಲ್ಲಿ ಹುಡುಕಬೇಕಾಯಿತು. ೨೦೦೬ರಲ್ಲಿ ಮೂರನೆಯ ಸುತ್ತೂ ನಡೆಯಿತು. ಆಯ್ದ ಪಥದಿಂದ ನೆರೆಯ ಕೇಂದ್ರದ ನೋಡುಗರಿಗೆ ಅಡಚಣೆಯಾಗುವುದೇ ಎಂದು ಲೆಕ್ಕಹಾಕಿದ ಮೇಲೆಯೇ ಅನುಮತಿ ದೊರೆಯುತ್ತಿತ್ತು. ೨೦೦೭ರ ಆಗಸ್ಟ್‌ನಲ್ಲಿ ಅಂತಿಮ ಹಂಚಿಕೆಯ ಕೋಷ್ಟಕವು ಪ್ರಕಟವಾಯಿತು.

ಆಯ್ಕೆ ಮಾಡುವವನ ತಕ್ಕಡಿಯಲ್ಲಿ ಎರಡು ತಟ್ಟೆಗಳಿದ್ದುವು. ವಿ.ಎಚ್.ಎಫ್. ಅಲೆಗಳು ಉದ್ದವಾದುವು, ಗುಡ್ಡ ದಿಬ್ಬಗಳನ್ನು ಬಳಸಿ ಬಹುದೂರ ಸಾಗಬಲ್ಲವು. ಅವುಗಳಿಗೆ ಬೇಕಾದ ಪ್ರಸಾರಶಕ್ತಿ ಕಡಿಮೆ. ವಿದ್ಯುತ್ತಿನ ವೆಚ್ಚವೂ ಕಡಿಮೆ. ಯು.ಎಚ್.ಎಫ್.ನಲ್ಲಾದರೋ ೧,೦೦೦ ಕಿಲೋವಾಟ್‌ಗಳವರೆಗಿನ ಪರಿಣಾಮಕಾರಿ ಶಕ್ತಿಗೆ ಅವಕಾಶವಿತ್ತು. ಅಷ್ಟನ್ನು ಉಪಯೋಗಿಸುವ ಕೇಂದ್ರವು ಅಷ್ಟಕ್ಕೆ ತಕ್ಕ ಹಣವನ್ನೂ ತೆರಬೇಕು. ಇದು ಒಂದು ತಟ್ಟೆ. ಇನ್ನೊಂದರಲ್ಲಿ ನೋಡುಗನ ಆಂಟೆನಾ ಇತ್ತು. ಅಲೆಯ ಉದ್ದದ ಅರ್ಧದಷ್ಟು ಆಂಟೆನಾ ಬೇಕೆಂಬುದು ಸಾಮಾನ್ಯ ನಿಯಮ. ೬ನೆಯ ಪಥಕ್ಕೆ ಅದು ಸುಮಾರು ಒಂದೂಮುಕ್ಕಾಲು ಮೀಟರು. ೫೦೦ ಮೆಗಾಹರ್ಟ್ಸ್‌ನ ಯು.ಎಚ್.ಎಫ್. ಪಥಕ್ಕೆ ಕೇವಲ ೩೦ ಸೆಂಟಿಮೀಟರು. ಕೋಣೆಯೊಳಗೆ ಮೇಜಿನ ಮೇಲಿಡುವ ಚಿಕ್ಕ ಆಂಟೆನಾ ಎರಡನೆಯದಕ್ಕೆ ಒಪ್ಪುತ್ತದೆ, ಮೊದಲನೆಯದಕ್ಕೆ ಸಾಲದು. ಅದಲ್ಲದೆ ಮೋಟಾರು, ವಿದ್ಯುತ್ ತಂತಿ, ಸಿಡಿಲು ಇವುಗಳ ಗದ್ದಲವೆಲ್ಲ ಕೆಳ ವಿ.ಎಚ್.ಎಫ್.ನಲ್ಲಿಯೇ ಹೆಚ್ಚು. ಅನಲಾಗ್ ಚಿತ್ರವು ದುರ್ಬಲವಾದಾಗ ಮಸುಕಾಗಿ, ಚುಕ್ಕೆಚುಕ್ಕೆಯಾಗಿಯಾದರೂ ಕಾಣುತ್ತಿತ್ತು. ಡಿಜಿಟಲ್ ಚಿತ್ರವು ಇರುವಷ್ಟು ಹೊತ್ತು ನಿರ್ಮಲ. ಶಕ್ತಿ ಒಂದು ಮಿತಿಗಿಂತ ಕುಸಿದೊಡನೆ ಸಂಪೂರ್ಣ ಅದೃಶ್ಯ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಪಥ ಬದಲಾದರೆ ಜನರು ದಶಕಗಳಿಂದ ಬಲ್ಲ ಸಂಖ್ಯೆಯ ಗತಿಯೇನು? ಅದಕ್ಕೂ ಉಪಾಯವನ್ನು ಕಂಡುಕೊಂಡರು. ಡಿಜಿಟಲ್ ಪ್ರವಾಹದೊಳಗೆ ‘ನನ್ನ ಹೆಸರು ೭’ ಎಂಬ ಸೂಚನೆಯನ್ನು ಸೇರಿಸಿ ಕಳುಹಿಸಿದರೆ, ಕೇಂದ್ರವು ೫೨ನೆಯ ಪಥದಲ್ಲಿದ್ದರೂ ಪರದೆಯ ಮೇಲೆ ೭ ಎಂದೇ ಮೂಡುತ್ತದೆ. ಆದೇಶ ಸಂಧಿಯನ್ನು ಕಲಿಸುವ ಅಧ್ಯಾಪಕರಿಗೆ ಇದು ಹೊಸದಾಗಿ ತೋರದು. ‘ಮಳೆ’ಯ ಮುಂದೆ ‘ಕಾಲ’ ಬಂದಾಗ ಕಕಾರದ ಸ್ಥಾನದಲ್ಲಿ ಗಕಾರವು ಆದೇಶವಾಗಿ ‘ಮಳೆಗಾಲ’ ಎಂದಾಗುತ್ತದೆ. ಅಕ್ಷರ ಬದಲಾದರೂ ಅರ್ಥ ಕೆಡುವುದಿಲ್ಲ. ಆದರೆ ಕಿವಿಗೆ ಬೀಳುವುದು ಗಕಾರವೇ ಹೊರತು ಕಕಾರವಲ್ಲ. ಆಂಟೆನಾ ಆ ಕಿವಿಯಂತೆ. ಅದಕ್ಕೆ ಪರದೆಯ ಸಂಖ್ಯೆ ತಿಳಿಯದು. ಗಾಳಿಯಲ್ಲಿ ಬಂದ ಅಲೆಯಷ್ಟೇ ತಿಳಿಯುತ್ತದೆ.

ಈ ಭೇದದ ಪರಿಣಾಮವು ೨೦೦೯ರಲ್ಲಿ ಕಣ್ಣಿಗೆ ಕಟ್ಟಿತು. ಅನಲಾಗ್ ಪ್ರಸಾರವನ್ನು ಫೆಬ್ರವರಿ ೧೭ಕ್ಕೆ ನಿಲ್ಲಿಸಬೇಕೆಂದು ಗೊತ್ತುಮಾಡಲಾಗಿತ್ತು. ಹಳೆಯ ಪೆಟ್ಟಿಗೆಗಳಿಗೆ ಜೋಡಿಸುವ ಪರಿವರ್ತಕವನ್ನು ಕೊಳ್ಳಲು ಸರ್ಕಾರವು ೪೦ ಡಾಲರಿನ ಚೀಟಿಗಳನ್ನು ಕೊಡುತ್ತಿತ್ತು. ಅದಕ್ಕೆಂದಿಟ್ಟ ಹಣ ಸಾಲದೆ ಬಂದು ಅರ್ಜಿದಾರರು ಕಾಯುವಂತಾಯಿತು. ಶಾಸನಸಭೆಯು ಗಡುವನ್ನು ಜೂನ್ ೧೨ಕ್ಕೆ ಮುಂದೂಡಿತು. ಆ ದಿನ ಫಿಲಡೆಲ್ಫಿಯಾದ ಡಬ್ಲ್ಯು.ಪಿ.ವಿ.ಐ. ಕೇಂದ್ರವು ತೆರವಾಗಬೇಕಿದ್ದ ೬೪ನೆಯ ಪಥವನ್ನು ಬಿಟ್ಟು ತನ್ನ ಹಳೆಯ ೬ಕ್ಕೆ ಮರಳಿತು. ಷಿಕಾಗೋ ನಗರದ ಡಬ್ಲ್ಯು.ಎಲ್.ಎಸ್. ೫೨ನ್ನು ಬಿಟ್ಟು ೭ಕ್ಕೆ ಮರಳಿತು. ಪರದೆಯ ಸಂಖ್ಯೆ ಹಿಂದಿನದೇ, ಆದರೆ ಯು.ಎಚ್.ಎಫ್.ಗೆ ಒಗ್ಗಿದ ಚಿಕ್ಕ ಆಂಟೆನಾಗಳುಳ್ಳ ಅನೇಕ ಮನೆಗಳಲ್ಲಿ ಚಿತ್ರವೇ ಮಾಯವಾಯಿತು. ಕೆಲವರಿಗೆ ಪೆಟ್ಟಿಗೆಯು ಪಥಗಳನ್ನು ಹೊಸದಾಗಿ ಶೋಧಿಸುವಂತೆ ಮಾಡಿದೊಡನೆ ಚಿತ್ರ ದೊರಕಿತು. ಇನ್ನು ಕೆಲವರಿಗೆ ಅದರಿಂದಲೂ ಫಲವಾಗಲಿಲ್ಲ. ಫಿಲಡೆಲ್ಫಿಯಾದ ಕೇಂದ್ರವು ಅನುಮತಿ ಪಡೆದು ಪ್ರಸಾರಶಕ್ತಿಯನ್ನು ಹೆಚ್ಚಿಸಿಕೊಂಡಿತು. ಷಿಕಾಗೋ ಕೇಂದ್ರವು ಯು.ಎಚ್.ಎಫ್.ನ ೪೪ನೆಯ ಪಥಕ್ಕೆ ಸ್ಥಳಾಂತರಗೊಂಡಿತು; ಪರದೆಯ ಮೇಲೆ ಮಾತ್ರ ಅದು ೭ ಆಗಿಯೇ ಉಳಿಯಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಮೊಬೈಲ್ ದೂರವಾಣಿಗಳ ಹಸಿವು ಬೆಳೆದಂತೆ ೨೦೧೭ರಲ್ಲಿ ಮುಕ್ತಾಯವಾದ ಹರಾಜಿನ ಫಲವಾಗಿ ೩೮ರಿಂದ ೫೧ರವರೆಗಿನ ಪಥಗಳೂ ಕೈಬಿಟ್ಟವು. ಈ ಬಾರಿ ಕೇಂದ್ರಗಳಿಗೆ ಹಣ ಪಡೆದು ಪಥವನ್ನು ಬಿಟ್ಟುಕೊಡುವ, ವಿ.ಎಚ್.ಎಫ್.ಗೆ ಇಳಿಯುವ, ಇಲ್ಲವೆ ನೆರೆಯವರೊಡನೆ ಒಂದೇ ಪಥವನ್ನು ಹಂಚಿಕೊಳ್ಳುವ ಅವಕಾಶವಿತ್ತು. ಉಳಿದವರ ಸ್ಥಾನವನ್ನು ಗಣಕಯಂತ್ರದ ಲೆಕ್ಕಾಚಾರವು ನಿರ್ಧರಿಸಿತು. ೨೦೨೦ರ ಜುಲೈ ವೇಳೆಗೆ ಆ ಸ್ಥಳಾಂತರವೂ ಪೂರ್ಣಗೊಂಡಿತು.

ಕೇಬಲ್ಲು ಮತ್ತು ಉಪಗ್ರಹದ ತಟ್ಟೆಗಳಿಂದಲೇ ಬಹುಮಟ್ಟಿಗೆ ಚಿತ್ರ ಪಡೆಯುವ ನಮ್ಮ ನಾಡಿನ ಮನೆಗಳಿಗೆ ಈ ತೊಡಕು ಅಷ್ಟಾಗಿ ತಟ್ಟಲಿಲ್ಲ. ಆದರೂ ಇದರಿಂದ ಗ್ರಹಿಸತಕ್ಕದ್ದಿದೆ. ಎಲ್ಲರ ಸ್ವತ್ತನ್ನು ಹಂಚುವವರು ಕೋಷ್ಟಕವನ್ನು ಸರಿಯಾಗಿ ಬರೆದರೆ ಸಾಲದು. ಆ ಹಂಚಿಕೆಯ ಕೊನೆಯ ತುದಿಯಲ್ಲಿ ಕುಳಿತವನ ಉಪಕರಣವೆಂತಹುದು ಎಂಬುದನ್ನೂ ಎಣಿಕೆಗೆ ತರಬೇಕು. ಕೇಬಲ್ಲಿಗೆ ಹಣ ತೆರಲಾರದೆ ಮೇಜಿನ ಮೇಲಿನ ಪುಟ್ಟ ಆಂಟೆನಾವನ್ನೇ ನಂಬಿದ್ದ ಮನೆಗೂ ಆಕಾಶದಲ್ಲಿ ಸಮಪಾಲುಂಟು. ಕಾಲುವೆಯ ತಲೆಯಲ್ಲಿ ನೀರು ತುಂಬಿ ಹರಿದರೆ ಆಯಿತೆ? ಕೊನೆಯ ಗದ್ದೆಗೆ ಅದು ತಲಪಿತೇ ಎಂದು ನೋಡಿ ಬಂದವನೇ ನಿಜವಾದ ನೀರುಗಂಟಿ.