ವಿಯೆನ್ನಾದಲ್ಲಿ ಒಂದು ಬಟ್ಟಲು ಕಾಫಿ

ವಿಯೆನ್ನಾ ನಗರದ ಹಳೆಯ ಕಾಫಿಗೃಹವೊಂದನ್ನು ಹೊಕ್ಕವರಿಗೆ ಮೊದಲು ಎದ್ದುಕಾಣುವುದು ಅಲ್ಲಿಯ ನಿರಾತಂಕ. ಅಮೃತಶಿಲೆಯ ಸಣ್ಣ ಮೇಜು, ಬಾಗಿಸಿದ ಮರದ ಕುರ್ಚಿ, ಕೋಲಿನ ಹಿಡಿಗೆ ಸಿಕ್ಕಿಸಿ ತೂಗುಹಾಕಿದ ದಿನಪತ್ರಿಕೆಗಳು. ಇವುಗಳ ನಡುವೆ ಕರಿಯ ಕೋಟು ತೊಟ್ಟು, ಮಂತ್ರಿಯ ಗಾಂಭೀರ್ಯದಿಂದ ಸುಳಿದಾಡುವ ಮಾಣಿ. ಚಿಟಿಕೆ ಹೊಡೆದು ಕರೆದರೆ ಆತ ತಿರುಗಿಯೂ ನೋಡುವುದಿಲ್ಲ. ‘ಹೆರ್ ಓಬರ್’ ಎಂದು ಮರ್ಯಾದೆಯಿಂದ ಸಂಬೋಧಿಸಬೇಕು. ‘ಒಂದು ಕಾಫಿ’ ಎಂದಷ್ಟೇ ಹೇಳಿದರೂ ಸಾಲದು. ಹಾಲಿನ ನೊರೆ ತೇಲುವ ‘ಮೆಲಾಂಜ್’ ಬೇಕೋ, ತುಸುವೇ ಹಾಲು ಬೆರೆತ ‘ಬ್ರೌನರ್’ ಬೇಕೋ, ಗಾಜಿನ ಲೋಟದ ಕಪ್ಪು ಕಾಫಿಯ ಮೇಲೆ ಕಡೆದ ಕೆನೆಯನ್ನು ಹೇರಿದ ‘ಐನ್‌ಷ್ಪೆನ್ನರ್’ ಬೇಕೋ ತಿಳಿಸಬೇಕು. ಈ ಕೊನೆಯ ಹೆಸರಿಗೆ ಒಂಟಿ ಕುದುರೆಯ ಗಾಡಿ ಎಂದರ್ಥ. ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಲೋಟ ಹಿಡಿದು ಚಳಿಯಲ್ಲಿ ಕಾಯುತ್ತಿದ್ದ ಗಾಡಿಯವರಿಗೆ ಆ ಕೆನೆಯ ಮುಚ್ಚಳವೇ ಕಾಫಿಯನ್ನು ಬಿಸಿಯಾಗಿರಿಸುತ್ತಿತ್ತಂತೆ.

ಕಾಫಿಯೊಡನೆ ಪುಟ್ಟ ತಟ್ಟೆಯಲ್ಲಿ ಒಂದು ಲೋಟ ತಣ್ಣೀರೂ ಬರುತ್ತದೆ. ಬಟ್ಟಲು ಬರಿದಾಗಿ ಎರಡು ಗಂಟೆ ಕಳೆದರೂ ಏಳಿರೆಂದು ಹೇಳುವವರಿಲ್ಲ. ಆರೇಳು ಯೂರೋ ತೆತ್ತು ಕೊಂಡುಕೊಳ್ಳುವುದು ಕಾಫಿಯನ್ನಲ್ಲ, ಕುರ್ಚಿಯನ್ನು ಮತ್ತು ಹೊತ್ತನ್ನು. ನಿಂತುಕೊಂಡೇ ಎರಡು ನಿಮಿಷದಲ್ಲಿ ಕಾಫಿ ಮುಗಿಸುವ ಬೆಂಗಳೂರಿನ ದರ್ಶಿನಿಯ ಗಿರಾಕಿಗೆ ಇದು ಸೋಜಿಗವೇ ಸರಿ. (ರುಚಿಯಲ್ಲಿ ನಮ್ಮ ಫಿಲ್ಟರ್ ಕಾಫಿಗೆ ಅದು ಸಾಟಿಯಲ್ಲವೆಂದರೆ ವಿಯೆನ್ನಾದವರು ಮುನಿಸಿಕೊಳ್ಳಬಾರದು.)

1683ರಲ್ಲಿ ನಗರವನ್ನು ಮುತ್ತಿದ್ದ ತುರ್ಕಿ ಸೈನ್ಯ ಸೋತು ಓಡಿದಾಗ ಬಿಟ್ಟುಹೋದ ಮೂಟೆಗಳಿಂದ ಕಾಫಿಬೀಜ ಸಿಕ್ಕಿತೆಂಬುದು ಅಲ್ಲಿಯ ಜನಪ್ರಿಯ ಕಥೆ. ಚರಿತ್ರಕಾರರು ಅದನ್ನು ಒಪ್ಪುವುದಿಲ್ಲ. 1685ರಲ್ಲಿ ಯೋಹಾನೆಸ್ ದಿಯೋದಾತೋ ಎಂಬ ಅರ್ಮೇನಿಯನ್ ವರ್ತಕನು ಕಾಫಿ ಮಾರುವ ಅಪ್ಪಣೆ ಪಡೆದುದೇ ಮೊದಲೆಂದು ದಾಖಲೆಗಳು ಹೇಳುತ್ತವೆ. ಬಾಬಾಬುಡನ್ನರು ಮೆಕ್ಕಾ ಯಾತ್ರೆಯಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ನಮ್ಮವರು ಹೇಳಿಕೊಳ್ಳುವುದೂ ಅದೇ ಶತಮಾನದ ಮಾತು. ಕಾಫಿ ಹೋದಲ್ಲೆಲ್ಲ ತನ್ನದೊಂದು ಪುರಾಣವನ್ನು ಕಟ್ಟಿಕೊಳ್ಳುತ್ತದೆ!

ಹತ್ತು ದಿನಗಳಲ್ಲಿ ಆರು ದೇಶಗಳನ್ನು ತೋರಿಸುವ ಪ್ರವಾಸಗಳಲ್ಲಿ ವಿಯೆನ್ನಾಕ್ಕೆ ದೊರೆಯುವುದು ಒಂದೇ ಹಗಲು. ಆ ಒಂದು ಹಗಲಿನಲ್ಲಿ ಎಲ್ಲರೂ ಕೆಫೆ ಸೆಂಟ್ರಲ್‌ನ ಬಾಗಿಲಲ್ಲಿ ಸಾಲುಗಟ್ಟುತ್ತಾರೆ. 1876ರಲ್ಲಿ ಆರಂಭವಾದ ಆ ಕಾಫಿಗೃಹದ ಕಮಾನುಗಳು ದೇವಾಲಯದ ನವರಂಗವನ್ನು ನೆನಪಿಗೆ ತರುವಷ್ಟು ಭವ್ಯವಾಗಿವೆ. ರಷ್ಯದಿಂದ ತಪ್ಪಿಸಿಕೊಂಡು ಬಂದಿದ್ದ ಟ್ರಾಟ್‌ಸ್ಕಿ ಮೊದಲ ಮಹಾಯುದ್ಧಕ್ಕೆ ಮುಂಚೆ ಇಲ್ಲಿ ಚದುರಂಗವಾಡುತ್ತಿದ್ದ. ಪೀಟರ್ ಆಲ್ಟೆನ್‌ಬರ್ಗ್ ಎಂಬ ಲೇಖಕನಂತೂ ಈ ಕಾಫಿಗೃಹವನ್ನೇ ತನ್ನ ಅಂಚೆ ವಿಳಾಸವಾಗಿ ಮಾಡಿಕೊಂಡಿದ್ದ. ಅವನ ಬೊಂಬೆ ಇಂದಿಗೂ ಬಾಗಿಲ ಬಳಿಯ ಮೇಜಿನಲ್ಲಿ ಕುಳಿತಿದೆ. ನೋಡತಕ್ಕ ಸ್ಥಳವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೊರಗೆ ಐವತ್ತು ಜನ ಕಾಯುತ್ತಿರುವಾಗ ಒಳಗೆ ಕುಳಿತವರಿಗೆ ನೆಮ್ಮದಿಯೆಲ್ಲಿಂದ? ಗುಂಪೆನ್ಡೋರ್ಫರ್ ಬೀದಿಯಲ್ಲಿ 1880ರಿಂದ ಇರುವ ಕೆಫೆ ಷ್ಪೆರ್ಲ್ ಇದಕ್ಕಿಂತ ಮೇಲು. ಅಲ್ಲಿ ಬಿಲಿಯರ್ಡ್ಸ್ ಮೇಜುಗಳಿವೆ, ಸವೆದ ಮೆತ್ತೆಗಳಿವೆ, ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡ ಊರಿನ ಹಿರಿಯರಿದ್ದಾರೆ. ಅಪರಿಚಿತ ನಗರದಲ್ಲಿ ಒಳ್ಳೆಯ ಕಾಫಿಗೃಹವನ್ನು ಗುರುತಿಸಲು ಆ ಹಿರಿಯರಿಗಿಂತ ನಂಬಿಕೆಯ ಗುರುತು ಬೇರೆ ಬೇಕಿಲ್ಲ.

ಷ್ಪೆರ್ಲ್‌ನಿಂದ ಸ್ವಲ್ಪ ದೂರ ನಡೆದರೆ ‘ಸೆಸೆಷನ್’ ಎಂಬ ಬೆಳ್ಳನೆಯ ಚಿತ್ರಶಾಲೆ ಸಿಗುತ್ತದೆ. ಹಳೆಯ ಕಲಾಸಂಸ್ಥೆಯನ್ನು ತೊರೆದುಬಂದ ಕ್ಲಿಮ್ಟ್ ಮತ್ತು ಗೆಳೆಯರಿಗಾಗಿ ಓಲ್ಬ್ರಿಷ್ ಎಂಬ ತರುಣ ವಾಸ್ತುಶಿಲ್ಪಿ 1898ರಲ್ಲಿ ಕಟ್ಟಿಮುಗಿಸಿದ ಮನೆಯಿದು. ನೆತ್ತಿಯ ಮೇಲಿನ ಚಿನ್ನದೆಲೆಗಳ ಗೋಳವನ್ನು ಕಂಡು ಊರಿನವರು ‘ಎಲೆಕೋಸು’ ಎಂದು ನಕ್ಕರು. ನೆಲಮಾಳಿಗೆಯಲ್ಲಿ 1902ರ ಪ್ರದರ್ಶನಕ್ಕಾಗಿ ಕ್ಲಿಮ್ಟ್ ರಚಿಸಿದ ಬೆಥೋವನ್ ಭಿತ್ತಿಚಿತ್ರವಿದೆ; ಉದ್ದ 34 ಮೀಟರು. ಕೋಣೆಯಲ್ಲಿ ಬೇರೇನೂ ಇಲ್ಲದುದರಿಂದ ನೋಟ ಚದುರುವುದಿಲ್ಲ. ನೂರು ಕೋಣೆಗಳ ಅರಮನೆಯನ್ನು ಓಡೋಡಿ ನೋಡಿ ಕಾಲು ನೋಯಿಸಿಕೊಳ್ಳುವುದಕ್ಕಿಂತ ಇಂತಹ ಒಂದು ಕೋಣೆಯೇ ಲೇಸು. ಸಮಯವಿದ್ದವರು ಕಲಾ ಇತಿಹಾಸ ವಸ್ತುಸಂಗ್ರಹಾಲಯಕ್ಕೂ ಹೋಗಬಹುದು. ಅಲ್ಲಿ ಬ್ರೂಗೆಲ್‌ನ ‘ಹಿಮದಲ್ಲಿ ಬೇಟೆಗಾರರು’ ಚಿತ್ರವಿದೆ. ದಣಿದವರಿಗೆ ಗುಮ್ಮಟದ ಕೆಳಗೆ ಕಾಫಿಯೂ ಉಂಟು. ಎದುರಿನ ಬಯಲು ದಾಟಿದರೆ ಲಿಯೋಪೋಲ್ಡ್ ಸಂಗ್ರಹಾಲಯ. ಇಪ್ಪತ್ತೆಂಟನೆಯ ವಯಸ್ಸಿನಲ್ಲೇ 1918ರಲ್ಲಿ ತೀರಿಕೊಂಡ ಏಗೋನ್ ಷೀಲೆಯ ಚಿತ್ರಗಳನ್ನು ಕಾಣಲು ಅದಕ್ಕಿಂತ ತಕ್ಕ ಜಾಗವಿಲ್ಲ.

ಷೀಲೆಯ ಹೆಸರು ಬಂದಾಗ ವಿಯೆನ್ನಾದ ಇರುಳಿನ ಬದುಕೂ ನೆನಪಾಗಬೇಕು. ಅವನ ಚಿತ್ರಗಳನ್ನು ಅಕ್ಕರೆಯಿಂದ ಕೂಡಿಸಿದವರಲ್ಲಿ ಒಬ್ಬ ವಿದೂಷಕನಿದ್ದ. ವೋಲ್‌ಜೈಲೆ ಬೀದಿಯಲ್ಲಿ 1912ರಲ್ಲಿ ಆರಂಭವಾದ ‘ಸಿಂಪ್ಲ್’ ಎಂಬ ಹಾಸ್ಯರಂಗಶಾಲೆಯಲ್ಲಿ ಫ್ರಿಟ್ಸ್ ಗ್ರೂನ್‌ಬೌಮ್ ಎಂಬ ಯೆಹೂದಿ ನಟ, ಕಾರ್ಲ್ ಫರ್ಕಾಸ್ ಎಂಬ ಜೊತೆಗಾರನೊಡನೆ ಸಂಭಾಷಣೆಯ ಹಾಸ್ಯವನ್ನು ನಡೆಸುತ್ತಿದ್ದ. ಒಬ್ಬ ಜಾಣ, ಒಬ್ಬ ಪೆದ್ದ. ನಮ್ಮ ಕಂಪನಿ ನಾಟಕಗಳ ಹಾಸ್ಯದ ಜೋಡಿಗಳನ್ನು ಬಲ್ಲವರಿಗೆ ವಿವರಿಸಬೇಕಾದುದಿಲ್ಲ. ಒಮ್ಮೆ ರಂಗದ ದೀಪ ಆರಿಹೋದಾಗ, ಏನೂ ಕಾಣುತ್ತಿಲ್ಲ, ನಾಜಿಗಳ ಸಂಸ್ಕೃತಿಯೊಳಗೆ ಕಾಲಿಟ್ಟುಬಿಟ್ಟೆನೇನೋ ಎಂಬರ್ಥದ ಮಾತಾಡಿ ಆತ ಸಭೆಯನ್ನು ನಗಿಸಿದನೆಂದು ಪ್ರತೀತಿ. 1938ರ ಮಾರ್ಚ್ 12ರಂದು ಹಿಟ್ಲರನ ಸೈನ್ಯ ಆಸ್ಟ್ರಿಯವನ್ನು ಹೊಕ್ಕಿತು. ಗ್ರೂನ್‌ಬೌಮ್ ಗಡಿ ದಾಟಲಾರದೆ ಸೆರೆಸಿಕ್ಕಿದ. 1941ರ ಜನವರಿ 14ರಂದು ಡಾಖಾವ್ ಶಿಬಿರದಲ್ಲಿ ಅವನ ಪ್ರಾಣ ಹೋಯಿತು. ಅವನ ಪತ್ನಿ ಲಿಲ್ಲಿಯನ್ನು 1942ರಲ್ಲಿ ಕೊಲ್ಲಲಾಯಿತು. ಷೀಲೆಯ ಎಂಬತ್ತರಷ್ಟು ಕೃತಿಗಳಿದ್ದ ಅವರ ಸಂಗ್ರಹ ಕೈಬಿಟ್ಟು, ಚಿತ್ರಗಳು ದೇಶದೇಶಕ್ಕೆ ಚದುರಿದವು. ಅವುಗಳಲ್ಲಿ ಏಳು 2023ರಲ್ಲಿ ನ್ಯೂಯಾರ್ಕಿನಲ್ಲಿ ಅವನ ವಾರಸುದಾರರ ಕೈಸೇರಿದವು.

ಗ್ರೂನ್‌ಬೌಮ್ ಒಬ್ಬನ ಮಾತಲ್ಲ ಇದು. ಕಾಫಿಗೃಹಗಳನ್ನು ತುಂಬಿದ್ದ ಲೇಖಕರು, ವೈದ್ಯರು, ವಕೀಲರು, ಸಂಗೀತಗಾರರಲ್ಲಿ ಯೆಹೂದ್ಯರು ಬಹುಮಂದಿ. ಕೆಲವೇ ತಿಂಗಳುಗಳಲ್ಲಿ ಆ ಮೇಜುಗಳು ಬರಿದಾದವು. ಅಮೃತಶಿಲೆಯೂ ತೂಗುದೀಪಗಳೂ ಹಾಗೆಯೇ ಉಳಿದವು. ಕುಳಿತು ವಾದಿಸುತ್ತಿದ್ದವರು ಉಳಿಯಲಿಲ್ಲ. ಫರ್ಕಾಸ್ ಅಮೆರಿಕೆಗೆ ಪಾರಾಗಿ 1946ರಲ್ಲಿ ಮರಳಿದ. 1950ರಿಂದ ಸಿಂಪ್ಲ್‌ನ ಹೊಣೆ ಹೊತ್ತು, 1971ರಲ್ಲಿ ತೀರಿಕೊಳ್ಳುವವರೆಗೂ ನಗರವನ್ನು ನಗಿಸಿದ. ಪೆದ್ದನ ಪಾತ್ರಕ್ಕೆ ಬೇರೊಬ್ಬರನ್ನು ಹುಡುಕಿಕೊಳ್ಳಬೇಕಾಯಿತು. ಸಿಂಪ್ಲ್ ಈಗಲೂ ನಡೆಯುತ್ತಿದೆ. ಆದರೆ ಜರ್ಮನ್ ಬಾರದವರಿಗೆ ಅಲ್ಲಿಯ ನಗು ದಕ್ಕದು.

ಭಾಷೆಯ ತೊಡಕಿಲ್ಲದ ಇರುಳಿನ ತಾಣಗಳೂ ಇಲ್ಲದಿಲ್ಲ. ರಾಜ್ಯ ಆಪೆರಾ ಭವನದಲ್ಲಿ ನಿಂತು ಕೇಳುವವರಿಗಾಗಿಯೇ ನೂರಾರು ಸ್ಥಳಗಳಿವೆ. ಕುರ್ಚಿಗೆ ನೂರಾರು ಯೂರೋ ತೆರಬೇಕಾದಲ್ಲಿ ನಿಂತವರಿಗೆ ಇಪ್ಪತ್ತಕ್ಕೂ ಕಡಮೆ. ಮುಂಚಿತವಾಗಿ ಬಂದು ಕಂಬಿಗೆ ಕೊರಳವಸ್ತ್ರ ಕಟ್ಟಿದರೆ ಆ ಜಾಗ ಅವರದೆಂದು ಎಲ್ಲರೂ ಒಪ್ಪುವ ಸಂಪ್ರದಾಯ! ಸಂತ ರೂಪರ್ಟನ ಪುರಾತನ ಇಗರ್ಜಿಯ ಕೆಳಗಿನ ನೆಲಮಾಳಿಗೆಯಲ್ಲಿ 1972ರಿಂದ ‘ಜಾಜ್‌ಲ್ಯಾಂಡ್’ ಎಂಬ ಸಂಗೀತಶಾಲೆಯಿದೆ. ಪಾನಗೃಹಕ್ಕೆ ಹೋಗಲೊಲ್ಲದವರೂ ಅಡಾಲ್ಫ್ ಲೋಸ್ 1908ರಲ್ಲಿ ರಚಿಸಿದ ‘ಅಮೆರಿಕನ್ ಬಾರ್’ ಅನ್ನು ಹೊರಗಿನಿಂದಲಾದರೂ ನೋಡಬೇಕು. ಮಧ್ಯಮ ವರ್ಗದ ಮನೆಯ ನಡುಮನೆಯಷ್ಟೇ ಇರುವ ಆ ಕೋಣೆಯನ್ನು ಗೋಡೆಯ ಮೇಲ್ಭಾಗದ ಕನ್ನಡಿಗಳಿಂದ ವಿಶಾಲವಾಗಿ ತೋರಿಸಿದ ಜಾಣ್ಮೆ ಅವನದು.

ಮಲಗುವ ಮುನ್ನ ಹೋಗತಕ್ಕ ಸ್ಥಳ ಡೊರೊಥೀರ್ ಓಣಿಯ ಕೆಫೆ ಹಾವೆಲ್ಕ. ಲಿಯೋಪೋಲ್ಡ್ ಹಾವೆಲ್ಕ ತನ್ನ ಮಡದಿ ಯೊಸೆಫೀನಳೊಡನೆ ಇದನ್ನು ತೆರೆದುದು 1939ರಲ್ಲಿ. ಯುದ್ಧಕ್ಕೆ ಕರೆ ಬಂದು ಬೇಗನೆ ಮುಚ್ಚಬೇಕಾಯಿತು. 1945ರಲ್ಲಿ ಮರಳಿದಾಗ ಅಕ್ಕಪಕ್ಕದ ಹಾಳಿನ ನಡುವೆ ಅಂಗಡಿ ಉಳಿದುಕೊಂಡಿತ್ತು. ಚಳಿಯಿಂದ ನಡುಗುತ್ತಿದ್ದ ನಗರದಲ್ಲಿ ಒಲೆ ಉರಿಯುತ್ತಿದ್ದ ಆ ಮಬ್ಬು ಕೋಣೆಗೆ ಹೊಸ ತಲೆಮಾರಿನ ಕವಿಗಳೂ ಚಿತ್ರಗಾರರೂ ಬಂದು ಸೇರಿದರು. ಯೊಸೆಫೀನ 2005ರಲ್ಲಿ, ಲಿಯೋಪೋಲ್ಡ್ ನೂರು ತುಂಬಿಸಿ 2011ರಲ್ಲಿ ಗತಿಸಿದರು. ಅಂಗಡಿ ಇನ್ನೂ ಮನೆಯವರ ಕೈಯಲ್ಲಿಯೇ ಇದೆ. ರಾತ್ರಿ ಎಂಟರ ನಂತರ ಯೊಸೆಫೀನಳ ಕ್ರಮದಂತೆ ‘ಬುಖ್ಟೆಲ್ನ್’ ಎಂಬ, ಹಣ್ಣಿನ ಪಾಕ ತುಂಬಿದ ಮೆತ್ತನೆಯ ರೊಟ್ಟಿಗಳು ಒಲೆಯಿಂದ ಇಳಿಯುತ್ತವೆ. ತಡವಾಗಿ ಬಂದವರಿಗೆ ಉಳಿದಿರುವುದು ಅಪರೂಪ.